ಅಕ್ಕನ ಫೋನಿಗೆ ಹತ್ತದ ಚೌಕಾಬಾರ

ಮನುಷ್ಯರ ಜಾತಿಗಳ ಬಗ್ಗೆ ನನಗೆ ಅಷ್ಟಿಷ್ಟು ತಿಳಿದಿತ್ತು. ಫೋನುಗಳಲ್ಲೂ ಜಾತಿಯಿದೆ, ಒಂದರ ಮನೆಯಲ್ಲಿ ಇನ್ನೊಂದು ನೀರೂ ಮುಟ್ಟುವುದಿಲ್ಲ ಎಂಬುದು ಮಾತ್ರ ನಿವೃತ್ತನಾದ ಮೇಲೆಯೇ ಗೊತ್ತಾಯಿತು. ತಿಳಿಸಿಕೊಟ್ಟದ್ದು ಚೌಕಾಬಾರ. ಶಿಗ್ಗಾಂವಿಯ ನಮ್ಮ ಪಡಸಾಲೆಯಲ್ಲಿ ಅವ್ವ, ಅಕ್ಕ, ನಾನು ಕವಡೆ ಉರುಳಿಸಿ ಆಡುತ್ತಿದ್ದ ಆಟ ಅದು. ಈಗ ಅವ್ವ ಇಲ್ಲ. ಅಕ್ಕ ಹಾನಗಲ್ಲಿನಲ್ಲಿ, ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರಳು. ಸವಣೂರಿನಿಂದ ನಾನೇ ಹೋದರೂ ರೊಟ್ಟಿ, ಪಲ್ಯ, ಬೀಗರ ಸುದ್ದಿ ಮುಗಿಯುವಷ್ಟರಲ್ಲಿ ಕಡೇ ಬಸ್ಸಿನ ಹೊತ್ತಾಗಿರುತ್ತದೆ. ಅಕ್ಕನೊಂದಿಗೆ ಒಂದು ಆಟ ಆಡಬೇಕೆಂಬ ಆಸೆ ಹಾಗೇ ಉಳಿದಿತ್ತು.

ಹೀಗಿರುವಾಗ ನನ್ನ ಮೊಬೈಲಿನಲ್ಲಿ ಚೌಕಾಬಾರದ ಆ್ಯಪ್ ಕಂಡಿತು. ಬೇರೆ ಬೇರೆ ಊರಲ್ಲಿ ಕೂತು ಆಡಬಹುದಂತೆ. ಕುಣಿದಾಡುವುದೊಂದು ಬಾಕಿ. ಕೂಡಲೇ ಅಕ್ಕನಿಗೆ ಹೇಳಿದೆ. ಅವಳು ಹುಡುಕಿ ಹುಡುಕಿ, "ನನ್ನ ಫೋನಿನಾಗ ಇಲ್ಲೋ ಅದು. ಮಗಳು ಅಷ್ಟು ರೊಕ್ಕ ಹಾಕಿ ಕೊಡಿಸ್ಯಾಳ, ಇದರಾಗ ಚೌಕಾಬಾರ ಸುದ್ದಾ ಇಲ್ಲಂದ್ರ ಏನು?" ಎಂದಳು.

ನಮ್ಮ ಬಜಾರಿನ ಮೊಬೈಲ್ ಅಂಗಡಿಯವನನ್ನು ಕೇಳಿದೆ. "ಸರ, ಅಕ್ಕಾರ ಫೋನ್ ಬ್ಯಾರೆ ಜಾತೀದ್ರಿ. ಈ ಆಟ ಮಾಡಿದಾಂವ ನಿಮ್ಮ ನಮೂನಿ ಫೋನಿಗಷ್ಟ ಮಾಡ್ಯಾನ. ಅದಕ್ಕಂದ್ರ ಮತ್ತ ಹೊಸದಾಗಿ ಮಾಡಬೇಕು. ಹವ್ಯಾಸಕ್ಕ ಮಾಡಿದಾಂವ ಎರಡೆರಡು ಸಲ ಯಾಕ ತಲಿ ಕೆಡಿಸ್ಕೊಂತಾನ್ರಿ?"

"ಹಂಗಾರ ಏನ್ ಮಾಡ್ಲಿ?"

"ಫೋನರ ಬದಲಿಸ್ರಿ, ಇಲ್ಲಾ ಅಕ್ಕನ್ನರ ಬದಲಿಸ್ರಿ."

ಎರಡೂ ಆಗದ ಮಾತು. ಮಗಳು ಕೊಟ್ಟ ಫೋನನ್ನು ಅಕ್ಕ ಬಿಡುವವಳಲ್ಲ. ಕೊನೆಗೆ ಅವಳೇ ಉಪಾಯ ಹೇಳಿದಳು. ಹಾನಗಲ್ಲಿನಲ್ಲೊಂದು, ಇಲ್ಲೊಂದು ಆಟದ ಪಟ ಬರೆಯುವುದು. ಸ್ಪೀಕರ್ ಹಚ್ಚಿ, ಬಿದ್ದ ಗರ ಕೂಗಿ ಹೇಳುವುದು, ಇಬ್ಬರೂ ಇಬ್ಬರ ಕಾಯಿ ನಡೆಸುವುದು. ನಾನು ಸೀಮೆಸುಣ್ಣ ಹಿಡಿದು ಕೂತೆ. ಕಾಯಿಗೆಂದು ಬಳೆಚೂರು ಕೇಳಿದಾಗ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಆಟ ಚೆನ್ನಾಗಿಯೇ ಸಾಗಿತ್ತು. ನಾನು ಅಕ್ಕನ ಕಾಯಿ ಹೊಡೆದೆ, ಖುಷಿಯಲ್ಲಿ ಇನ್ನೊಮ್ಮೆ ಕವಡೆ ಉರುಳಿಸಿದೆ.

"ಏ, ಕವಡಿ ಇಡು! ಕಾಯಿ ಹೊಡದ್ರ ಮತ್ತ ಆಡಾಕ ಬರಂಗಿಲ್ಲ."

"ಬರತೈತಿ. ಸವಣೂರಾಗ ಎಲ್ಲಾರೂ ಹಂಗ ಆಡ್ತಾರ."

"ನಮ್ಮ ಹಾನಗಲ್ಲಾಗ ಆಡಂಗಿಲ್ಲ."

ಒಂದೇ ಪಡಸಾಲೆಯಲ್ಲಿ ಕಲಿತವರು ನಾವು. ಅವಳು ಗಂಡನ ಮನೆಯ ಆಟ ಕಲಿತಿದ್ದಳು, ನಾನು ನೌಕರಿಯ ಊರಿನದು. ಬೇರೆ ಜಾತಿಯವೆಂದು ಫೋನುಗಳನ್ನು ಬೈದದ್ದು ನೆನಪಾಗಿ ನಾಚಿಕೆಯಾಯಿತು. ಅವ್ವನ ಆಟದಲ್ಲಿ ಹೇಗಿತ್ತು? ಇಬ್ಬರಿಗೂ ನೆನಪಿಲ್ಲ. ಕೇಳೋಣವೆಂದರೆ ಅವ್ವನೇ ಇಲ್ಲ. ಅವ್ವ ಬೇಕೆನಿಸಿತು, ಬರೀ ಇಷ್ಟು ಕೇಳುವುದಕ್ಕಾದರೂ.

ಆಮೇಲೆ ಅಕ್ಕ ನಕ್ಕಳು. "ಅವ್ವ ಎಲ್ಲಿ ಕಾಯ್ದೆ ನೋಡ್ತಿದ್ಲೋ? ಯಾರು ಅಳ್ತಾರ, ಅವರ ಕಾಯಿ ಹೊಳ್ಳಿ ಇಡ್ತಿದ್ಲು."

ಅಂದಿನಿಂದ ಅದೇ ನಮ್ಮ ಕಾಯ್ದೆ. ಅಕ್ಕ ಕಾಯಿ ಸತ್ತ ಕೂಡಲೇ ಮೂಗು ಸೊರ್ ಎನ್ನಿಸುತ್ತಾಳೆ, ನಾನು ಮರುಮಾತಿಲ್ಲದೆ ಅದನ್ನು ಮತ್ತೆ ಇದ್ದಲ್ಲೇ ಇಡುತ್ತೇನೆ. ಮೊನ್ನೆ, ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಇರುವಾಗ ಅವಳು ನನ್ನ ಕಾಯಿ ಹೊಡೆದಳು. ಬಿಡಲಾದೀತೇ? ನರೆತ ಮೀಸೆ ಹೊತ್ತು ನಾನೂ ಅಳುವ ದನಿ ತೆಗೆದೆ. ತೆಗೆದದ್ದು ನಾಟಕಕ್ಕೇ. ಆದರೆ ಯಾಕೋ ಅದು ನಿಲ್ಲಲಿಲ್ಲ. ಅಡಿಗೆಮನೆಯಿಂದ ಹೆಂಡತಿ ಓಡಿಬಂದು, "ಏನಾತ್ರಿ? ಅಕ್ಕಾರು ಆರಾಮ ಅದಾರಿಲ್ಲೋ?" ಎಂದಳು.

ಫೋನಿನಿಂದ ಅಕ್ಕನೇ ಹೇಳಿದಳು, ಅವಳ ದನಿಯೂ ಸರಿಯಿರಲಿಲ್ಲ: "ಯಾರಿಗೂ ಏನೂ ಆಗಿಲ್ಲವಾ. ಸಾಕೋ ತಮ್ಮಾ, ಸುಮ್ಮನಾಗು. ನಿನ್ನ ಕಾಯಿ ಹೊಳ್ಳಿ ಇಟ್ಟೇನಿ."