ನಲವತ್ತೇಳನೇ ಪುಟದ ಯುದ್ಧ

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ಚೀಟಿ.

ಇತಿಹಾಸದ ಮೇಷ್ಟ್ರು ಬೆಳಿಗ್ಗೆ ಶಾಲೆಗೆ ಬಂದಾಗ ಅಂಥ ಚೀಟಿಗಳ ಕಟ್ಟೊಂದು ಅವರ ಮೇಜಿನ ಮೇಲೆ ಕೂತಿತ್ತು, ಪಕ್ಕದಲ್ಲಿ ಅಂಟಿನ ಡಬ್ಬಿ. ಏಳನೇ ತರಗತಿ ಪುಸ್ತಕದ ನಲವತ್ತೇಳನೇ ಪುಟದಲ್ಲಿ ಹಳೇ ರಾಜನೊಬ್ಬ ಹೊಳೆದಂಡೆಯ ಯುದ್ಧದಲ್ಲಿ ಸೋತು ಓಡಿಹೋಗಿದ್ದ. ಅದು ಹಿಂದಿನ ಸರ್ಕಾರದ ಅಭಿಪ್ರಾಯ. ಈಗಿನ ಸರ್ಕಾರದ ಪ್ರಕಾರ ಆತ ಗೆದ್ದಿದ್ದ. ಹೊಸ ಪುಸ್ತಕ ಅಚ್ಚಾಗುವವರೆಗೆ ಸೋಲಿನ ಮೇಲೆ ಗೆಲುವಿನ ಚೀಟಿ ಅಂಟಿಸತಕ್ಕದ್ದು ಎಂದು ಇಲಾಖೆಯ ಅಪ್ಪಣೆಯಾಗಿತ್ತು.

ಮೇಷ್ಟ್ರಿಗೆ ಆ ರಾಜನ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಪ್ರೀತಿಯೆಲ್ಲ ಹೆಂಡತಿ, ಮಗಳ ಮೇಲಿತ್ತು. ಹೆಂಡತಿ ಅರ್ಧ ದಿನದ ಬಸ್ ದಾರಿಯಾಚೆಯ ಪಟ್ಟಣದಲ್ಲಿ ನರ್ಸ್. ಮದುವೆಯಾದಾಗಿನಿಂದ ಸಂಸಾರ ಭಾನುವಾರ ಮಾತ್ರ ನಡೆಯುತ್ತಿತ್ತು. ಮಗಳಿಗೆ ಮಾತು ಬಂದದ್ದು ಬುಧವಾರವಂತೆ; ಅದನ್ನು ನೆನೆದರೆ ಅವರಿಗೆ ಈಗಲೂ ಸಂಕಟವಾಗುತ್ತಿತ್ತು. ಆ ಪಟ್ಟಣದ ಶಾಲೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಇವತ್ತು ತಪಾಸಣೆಗೆ ಬರುವ ಸಾಹೇಬರು ಪಾಠ ಕೇಳಿ ಮೆಚ್ಚಿದರೆ ವರ್ಗದ ಆದೇಶಕ್ಕೆ ಸಹಿ ಬೀಳುತ್ತಿತ್ತು.

"ಮೇಷ್ಟ್ರೇ, ಸಾಹೇಬ್ರು ಮಧ್ಯಾಹ್ನ ಬರ್ತಾರೆ. ಅಷ್ಟರೊಳಗೆ ರಾಜ ಗೆದ್ದಿರ್ಬೇಕು," ಎಂದು ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲೇ ನಿಂತು ಹೇಳಿ ಹೋದರು. ಅವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು.

ಮೇಷ್ಟ್ರು ಮಕ್ಕಳ ಪುಸ್ತಕಗಳನ್ನೆಲ್ಲ ರಾಶಿ ಹಾಕಿಕೊಂಡು ಕೂತು ಅಂಟಿಸಿ ಮುಗಿಸಿದರು. ಅಷ್ಟರಲ್ಲಿ ಆಟದ ಮೇಷ್ಟ್ರು ಮೊಬೈಲು ಹಿಡಿದುಕೊಂಡು ಓಡಿಬಂದರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು.

"ಏನ್ರೀ ಮಾಡ್ತಿದೀರಾ? ಸದನದಲ್ಲಿ ಮತಕ್ಕೆ ಹಾಕಿದ್ರು. ಸರ್ಕಾರ ಬಿತ್ತು!"

"ಹಾಗಾದ್ರೆ ರಾಜ?"

"ಅವನೂ ಬಿದ್ದ ಹಾಗೇ."

ದೊಡ್ಡ ಮೇಡಂ ಸುದ್ದಿ ಕೇಳಿ ಕೂಗಿದರು: "ಕಿತ್ತು ಹಾಕ್ರೀ ಮೊದ್ಲು!"

ಮೇಷ್ಟ್ರು ಅರ್ಧ ಕಿತ್ತಿರುವಾಗ ಮತ್ತೆ ಸೀಟಿ ಕಾಣಿಸಿತು. "ತಡೀರಿ, ಎಣಿಕೆ ತಪ್ಪಿತ್ತಂತೆ. ಸರ್ಕಾರ ಉಳೀತು." ಕಿತ್ತಲ್ಲೆಲ್ಲ ಮತ್ತೆ ಅಂಟು ಬಿತ್ತು. ಊಟದ ಗಂಟೆ ಹೊಡೆಯುವಾಗ ಸರ್ಕಾರ ಮತ್ತೊಮ್ಮೆ ಅಲ್ಲಾಡಿ ನಿಜವಾಗಿಯೇ ಬಿತ್ತು. ಇಲಾಖೆ ಕೊಟ್ಟ ಯಾವ ವಸ್ತುವೂ ಗಟ್ಟಿ ಬಂದ ಉದಾಹರಣೆ ಇರಲಿಲ್ಲ. ಅಂದು ಆ ಅಂಟು ಮಾತ್ರ ಅಷ್ಟರಲ್ಲಿ ಒಣಗಿ ಜಿಗಣೆಯ ಹಾಗೆ ಕಚ್ಚಿಕೊಂಡಿತು. ಒದ್ದೆ ಬಟ್ಟೆ ಒತ್ತಿ ಎಳೆದರೆ ಗೆಲುವಿನ ಜೊತೆಗೆ ಸೋಲೂ, ಕೆಳಗಿನ ಕಾಗದವೂ ಕಿತ್ತುಬಂದವು. ಪ್ರತಿ ಪುಸ್ತಕದಲ್ಲೂ ಯುದ್ಧವಿದ್ದ ಜಾಗದಲ್ಲಿ ಒಂದು ಕಿಟಕಿಯಾಯಿತು.

ಅಷ್ಟರಲ್ಲಿ ಸಾಹೇಬರ ಜೀಪು ಬಂತು.

ಸಾಹೇಬರು ಯಾವ ಪಕ್ಷದ ಕಡೆಯವರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಮುಖ ನೋಡಿ ಕಂಡುಹಿಡಿಯುವುದೂ ಸಾಧ್ಯವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, "ಯಾರಾದ್ರೂ ಪಾಠ ಓದ್ರಮ್ಮ," ಎಂದರು.

ತರಗತಿಯ ಲೀಡರ್ ಹುಡುಗಿ ಎದ್ದು ನಿಂತಳು. ಪುಸ್ತಕದಲ್ಲಿ ಕಂಡದ್ದನ್ನು ಕಂಡ ಹಾಗೆ ಓದುವುದು ಅವಳಿಗೆ ಅಭ್ಯಾಸ.

"ರಾಜನು ಆನೆ, ಕುದುರೆ, ಕಾಲಾಳುಗಳೊಡನೆ ಹೊಳೆಯ ದಂಡೆಗೆ ಬಂದನು. ಆಚೆ ದಂಡೆಯಲ್ಲಿ ಶತ್ರುಗಳು ಕಾದಿದ್ದರು. ಆಗ ರಾಜನು..." ಇಲ್ಲಿ ಕಿಟಕಿ ಶುರುವಾಗಿ ಕೆಳಗಿನ ಹಾಳೆಯ ಅಕ್ಷರ ಕಂಡಿತು. "...ಎರಡು ಕಾಲುವೆಗಳನ್ನು ತೋಡಿಸಿ, ದಾರಿಯ ಎರಡೂ ಬದಿಗೆ ನೆರಳಿನ ಮರಗಳನ್ನು ನೆಡಿಸಿದನು. ಪ್ರಜೆಗಳು ಸುಖವಾಗಿದ್ದರು."

ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಶತ್ರುಗಳು ಏನಾದ್ರು ಮೇಷ್ಟ್ರೇ?" ಎಂದರು ಸಾಹೇಬರು.

"ನೆರಳಲ್ಲಿ ಕೂತ್ರು ಸಾರ್."

"ಗೆದ್ದದ್ದು ಯಾರು?"

ಮೇಷ್ಟ್ರ ಕಣ್ಣ ಮುಂದೆ ಹೆಂಡತಿ ಮಗಳು ಬಂದು ನಿಂತರು. "ಮರಗಳು ಚೆನ್ನಾಗಿ ಬಂದ್ವು ಸಾರ್," ಎಂದರು.

ಸಾಹೇಬರು ಪುಸ್ತಕ ಇಸಕೊಂಡು ಮೇಲೆತ್ತಿ, ಕಿಟಕಿಯೊಳಗಿಂದ ಮೇಷ್ಟ್ರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಡಂ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು.

"ಈ ಒಂದು ಪುಟಕ್ಕೋಸ್ಕರ ಪಠ್ಯಪುಸ್ತಕ ಸಮಿತಿ ಎರಡು ವರ್ಷದಿಂದ ಕಚ್ಚಾಡ್ತಿದೆ ಕಣ್ರೀ. ಸಮಿತಿಗೆ ನಾನೇ ಕಾರ್ಯದರ್ಶಿ. ನೀವು ಒಂದೇ ಪೀರಿಯಡ್ಡಲ್ಲಿ ಮುಗಿಸ್ಬಿಟ್ರಿ. ಯಾವ ಸರ್ಕಾರ ಬಂದ್ರೂ ಮರ ಬೇಡ ಅನ್ನಲ್ಲ."

"ಸಾರ್, ನನ್ನ ವರ್ಗದ ಅರ್ಜಿ..."

"ಸಹಿ ಹಾಕ್ತಿದೀನಿ, ತಗೊಳ್ಳಿ."

ಸಾಹೇಬರು ಆದೇಶದಲ್ಲಿ ಏನೋ ಬರೆದು ಸಹಿ ಹಾಕಿ ಕೊಟ್ಟದ್ದನ್ನು ಮೇಷ್ಟ್ರು ಓದದೆಯೇ ತೆಗೆದುಕೊಂಡರು. ವರಾಂಡಕ್ಕೆ ಬಂದವರೇ ಹೆಂಡತಿಗೆ ಫೋನು ಹಚ್ಚಿದರು. "ಏನೇ, ವರ್ಗ ಆಯ್ತು!" ಆಚೆ ಕಡೆ ಹೆಂಡತಿ ಸಂತೋಷಕ್ಕೆ ಕಿರುಚಿ, ಆದೇಶ ಓದಿ ಹೇಳಿ ಎಂದಳು. ಮೇಷ್ಟ್ರು ಗಟ್ಟಿಯಾಗಿ ಓದತೊಡಗಿ, ಬರಬರುತ್ತ ಮೆಲ್ಲಗಾದರು. ಅವರನ್ನು ರಾಜಧಾನಿಯ ಪಠ್ಯಪುಸ್ತಕ ಸಮಿತಿಗೆ ಕಾಯಂ ಆಗಿ ಹಾಕಲಾಗಿತ್ತು. ರಾಜಧಾನಿ ಇನ್ನೊಂದು ದಿಕ್ಕಿಗೆ, ಒಂದು ಇಡೀ ರಾತ್ರಿಯ ರೈಲು.

"ಹೋಗ್ಲಿ ಬಿಡಿ," ಎಂದಳು ಹೆಂಡತಿ. "ಭಾನುವಾರ ಬರ್ತೀರಲ್ಲ."

ಸಾಹೇಬರು ಜೀಪು ಹತ್ತುತ್ತಿದ್ದವರು ತಿರುಗಿ ಕೂಗಿದರು: "ಹೇಳೋದು ಮರ್ತೆ ಮೇಷ್ಟ್ರೇ, ಸಮಿತಿ ಸೇರೋದು ಭಾನುವಾರ ಮಾತ್ರ. ಬೇರೆ ದಿನ ಸದಸ್ಯರಿಗೆ ರಾಜಕೀಯ ಇರುತ್ತೆ. ಇನ್ನೂ ಬೇಕಾದಷ್ಟು ಯುದ್ಧ ಬಾಕಿ ಇವೆ!"

ಅದು ಫೋನಿನಲ್ಲೂ ಕೇಳಿಸಿತು. ಹಿಂದಿನಿಂದ ಮಗಳು "ಯಾರಮ್ಮಾ ಫೋನಲ್ಲಿ?" ಎಂದು ಕೇಳಿದ್ದು ಮೇಷ್ಟ್ರ ಕಿವಿಗೆ ಬಿತ್ತು.

"ಯಾರೋ ಸರ್ಕಾರದೋರು ಕಣೇ," ಎಂದು ಹೆಂಡತಿ ಫೋನಿಟ್ಟಳು.