ನಡೆ ಇಲ್ಲದ ರಾಜನಿಗೆ ಇಪ್ಪತ್ತು ಅಂಕ

ಶ್ರೀನಿವಾಸ ಮಾಸ್ತರರ ತಪ್ಪು ಇಷ್ಟೇ: ರಜೆ ಸಿಗುವ ಮೊದಲೇ ಗೋವಾಕ್ಕೆ ರೈಲಿನ ಟಿಕೆಟ್ ತೆಗೆಸಿದ್ದರು. ಅವರ ಹೆಂಡತಿ ಮಂಜರಿ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ನಾಳೆ ಸಂಜೆ ಹೊರಡಬೇಕು. ಇಂದು ಬೆಳಿಗ್ಗೆ ಶಾಲೆಗೆ ಮನೆ ಮನೆ ಸಮೀಕ್ಷೆಯ ಆದೇಶ ಬಂತು.

ಬಾಗೇವಾಡಿಯ ಬಿಸಿಲಂತೂ ನಾನು ಕಣ್ಣಾರೆ ಕಂಡದ್ದು. ಇಲ್ಲಿಂದ ತಲೆಯ ಮೇಲೆ ಹಸಿ ಹಪ್ಪಳ ಇಟ್ಟುಕೊಂಡು ಹೊರಟರೆ ಪಕ್ಕದ ಮಸೂತಿ ಊರು ಮುಟ್ಟುವಷ್ಟರಲ್ಲಿ ಅದು ಸುಟ್ಟು ಊಟಕ್ಕೆ ಸಿದ್ಧ! ಅಂಥದ್ದರಲ್ಲಿ ಯಾರು ತಿರುಗುವುದು?

"ಚೆಸ್ ಆಡೂಣು," ಎಂದರು ಹೆಡ್‌ಮಾಸ್ತರ ಗುರುಲಿಂಗಪ್ಪ, ಶಾಲೆಯ ಮೂವರು ಶಿಕ್ಷಕರಿಗೆ. ಮಕ್ಕಳಿಗೆಂದು ತರಿಸಿದ, ನಾಲ್ವರು ಕೂಡಿ ಆಡುವ ಹಾಸು ಕಪಾಟಿನಲ್ಲಿತ್ತು. "ಗೆದ್ದವ್ರು ಮನಿ ಮನಿ ತಿರುಗೂದು ಬ್ಯಾಡ. ನೀವು ಮೂರು ಮಂದಿ, ನಾಲ್ಕನೇ ಕೈ ನಂದು."

ಕೊನೆಗೆ ಉಳಿದವನೇ ಗೆದ್ದಂತೆ ಎಂದು ತಮ್ಮಷ್ಟಕ್ಕೆ ನಿಯಮ ಹುಟ್ಟಿಸಿಕೊಂಡ ಶ್ರೀನಿವಾಸ ಮಾಸ್ತರರು, ತಮ್ಮ ರಾಜನನ್ನು ಮೂಲೆಯಲ್ಲಿ ಬಾಣಂತಿಯ ಹಾಗೆ ಬೆಚ್ಚಗೆ ಕೂರಿಸಿದರು. ಮಹಮ್ಮದಹನೀಫ ಮಾಸ್ತರರು ಹೆಡ್‌ಮಾಸ್ತರರ ರಾಜನನ್ನು ಕೆಡವಿದರು. ಶಿಕ್ಷಕಿ ವಿಜಯಶ್ರೀ ಅಕ್ಕೋರು ಹನೀಫರ ರಾಜನನ್ನು ಮಲಗಿಸಿದರು.

"ಇನ್ನ ಇಬ್ಬರೇ!" ಶ್ರೀನಿವಾಸ ಮಾಸ್ತರರು ತೊಡೆ ತಟ್ಟಿದರು. "ಅಕ್ಕೋರ, ಛತ್ರಿ ಅದನೋ ಇಲ್ಲೋ?"

"ಉಳದವ್ರು ಅಲ್ರಿ ಸರ್ರ, ಅಂಕ ಹೆಚ್ಚಿದ್ದವ್ರು ಗೆಲ್ಲೂದು. ರಾಜನ್ನ ಕೆಡವಿದ್ರ ಇಪ್ಪತ್ತು, ಕಾಯಿ ಹೊಡದ್ರ ಅದರದರ ಬೆಲಿ. ನಂದು ಇಪ್ಪತ್ತೊಂದು. ನಿಮ್ದು ದುಂಡನ ಸೊನ್ನಿ."

ಶ್ರೀನಿವಾಸ ಮಾಸ್ತರರು ನಿಯಮದ ಹಾಳೆ ಓದಿದರು. ನಿಜ! ಆಗ ಅವರಿಗೆ ಬಂದ ಬೆವರಿಗೆ ಊರ ಕೆರೆ ಕೋಡಿ ಬಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

"ಬಾಣಂತಿ ಹೊರಗ ಬಂದ್ಳು ನೋಡ್ರಿ!" ಹನೀಫರು ಕೂಗಿದರು.

ಶ್ರೀನಿವಾಸ ಮಾಸ್ತರರು ಹುಚ್ಚು ಗೂಳಿಯಂತೆ ನುಗ್ಗಿ ಅಕ್ಕೋರ ವಜೀರ ಹೊಡೆದರು, ಒಂಬತ್ತು. ಎರಡು ಆನೆ ಹೊಡೆದರು, ಹತ್ತು. ಆ ಗದ್ದಲದಲ್ಲಿ ಅವರ ಉಳಿದಿದ್ದ ಕಾಯಿಗಳೂ ಹದಿನೇಳು ಅಂಕಕ್ಕೆ ಅಕ್ಕೋರ ಪಾಲಾದವು. ಅಕ್ಕೋರಿಗೆ ಮೂವತ್ತೆಂಟು, ಮಾಸ್ತರರಿಗೆ ಹತ್ತೊಂಬತ್ತು, ಮೂಲೆಯಲ್ಲಿ ಅವರ ಒಬ್ಬಂಟಿ ರಾಜ. ಅಕ್ಕೋರು ಕುದುರೆ ತಂದು ನಿಲ್ಲಿಸಿದರು.

"ಮುಗೀತ್ರಿ. ನಿಮಗ ನಡಿನ ಇಲ್ಲ."

ಮಾಸ್ತರರು ಹಾಳೆ ತಿರುವಿದರು. ಬೆನ್ನಿಗೆ ಇರುವೆಯಂಥ ಅಕ್ಷರ: ಚೆಕ್ ಇಲ್ಲದೆ ರಾಜನಿಗೆ ನಡೆ ನಿಂತರೆ ಸಿಕ್ಕಿಬಿದ್ದವನಿಗೇ ಇಪ್ಪತ್ತು ಅಂಕ.

"ಚೆಕ್ ಎಲ್ಲಿ ಅದ ಹೇಳ್ರಿ ಅಕ್ಕೋರ?"

ಇರಲಿಲ್ಲ.

"ಮೂವತ್ತೊಂಬತ್ತು! ಒಂದ ಅಂಕದಾಗ ಗೆದ್ದೆ!"

"ಇದ್ಯಾವ ನ್ಯಾಯರಿ?" ಹನೀಫರು ಹಣೆ ಬಡಿದುಕೊಂಡರು. "ಫೇಲಾದ ಹುಡುಗನ್ನ ಹೆಗಲಮ್ಯಾಲ ಕುಂಡ್ರಿಸಿ ಮೆರವಣಿಗಿ ಮಾಡಿದಂಗಾತು!"

ಅಷ್ಟರಲ್ಲಿ ಮಾಸ್ತರರು ಫೋನು ಹಚ್ಚಿದ್ದರು. "ಮಂಜರಿ, ಚೀಲಾ ಕಟ್ಟು!"

"ಕೊಟ್ಟ ಮಾತು ಮಾತ," ಎಂದರು ಗುರುಲಿಂಗಪ್ಪ. "ತಿರುಗೂದು ನಿಮಗಿಲ್ಲ. ಇವರಿಬ್ಬರೂ ಮೂರು ದಿನ ತಿರುಗಿ ಬರಕೊಂಡು ಬರ್ತಾರ, ಆಮ್ಯಾಲ ಅವರಿಗೆ ರಜಾ. ಅದನ್ನೆಲ್ಲಾ ಕಂಪ್ಯೂಟರಿಗೆ ಏರಸಾಕ ನೀವು ಇಲ್ಲೇ ಕುಂದರ್ರಿ. ಮೂರ ವಾರ. ಫ್ಯಾನ್ ಐತಿ."

"ಸರ್ರ, ಇದನ್ನ ಮೊದಲ ಹೇಳಲಿಲ್ಲಲ್ಲಾ!"

ಹೆಡ್‌ಮಾಸ್ತರರು ಬೆಳಗಿನ ಆದೇಶವನ್ನು ಮೆಲ್ಲಗೆ ಮಗುಚಿ ತೋರಿಸಿದರು. "ಆಟದ ಹಾಳಿ ಬೆನ್ನು ಓದಿದ್ರಿ. ಇದರ ಬೆನ್ನೂ ಓದಬೇಕಿತ್ರಿ."

"ರೀ, ಸಮುದ್ರಕ್ಕ ಛತ್ರಿ ಬೇಕಾಗ್ತದೇನು?" ಮಂಜರಿ ಫೋನಿನಲ್ಲೇ ಇದ್ದಳು.

ಎದುರಿಗೆ ಕಂಪ್ಯೂಟರು, ಬಾಗಿಲಲ್ಲಿ ಹೆಡ್‌ಮಾಸ್ತರ, ಕಿವಿಯಲ್ಲಿ ಹೆಂಡತಿ. ಯಾರೂ ಚೆಕ್ ಕೊಟ್ಟಿರಲಿಲ್ಲ. ನಡೆ ಮಾತ್ರ ಒಂದೂ ಇರಲಿಲ್ಲ. ಈ ಸಲ ಇಪ್ಪತ್ತು ಅಂಕ ಕೊಡುವವರೂ ಇರಲಿಲ್ಲ.