ಮದುವೆಗೆ ಮೊದಲೇ ತವರಿಗೆ ಹೋದ ಹೆಂಡತಿ

ಕೈತಪ್ಪಿಹೋದ ಹುಡುಗಿಯನ್ನು ಮರೆಯುವುದು ಹೇಗೆಂದು ಹೇಳಿಕೊಡುವವರಿಗೆ ಈ ಲೋಕದಲ್ಲಿ ಬರವಿಲ್ಲ. ಮುಂಬಯಿಯ ಮಾಟುಂಗಾದ ಮೆಸ್ಸಿನಲ್ಲಿ ನನ್ನ ಜೊತೆಗಿದ್ದ ಗೆಳೆಯರಲ್ಲಿ ಒಬ್ಬ, ದಿನಾ ಬೆಳಿಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡು ಎಂದ. ಇನ್ನೊಬ್ಬ ಹಾರ್ಮೋನಿಯಂ ಕಲಿ ಎಂದ. ಮಾರುವುದಕ್ಕೆ ಅವನ ಬಳಿ ಒಂದು ಹಾರ್ಮೋನಿಯಂ ಇತ್ತು. ಎಲ್ಲರೂ ಒಂದೇ ದನಿಯಲ್ಲಿ ಕೊಟ್ಟ ಸಲಹೆಯೆಂದರೆ, ಅವಳನ್ನು ಕಂಡವರು ಯಾರೂ ಇಲ್ಲದ ಹೊಸ ಜಾಗಕ್ಕೆ ಹೋಗಿಬಿಡು ಎಂಬುದು. ನಾನು ಹೋದೆ. ಚೆಂಬೂರಿನ ಒಂದು ಚಾಳಿಗೆ, ಅಂದರೆ ಸಾಲು ರೂಮುಗಳ ವಠಾರಕ್ಕೆ, ಹೋದೆ. ಅಲ್ಲಿ ಅವಳನ್ನು ಕಂಡವರು ಒಬ್ಬರೂ ಇರಲಿಲ್ಲ, ನಿಜ. ಆದರೆ ಇಡೀ ಚಾಳಿನ ಲೆಕ್ಕದಲ್ಲಿ ಅವಳು ನನ್ನ ಹೆಂಡತಿಯಾಗಿದ್ದಳು.

ಇದು ಹೇಗಾಯಿತೆಂದು ಹೇಳಿಬಿಡುತ್ತೇನೆ. ವತ್ಸಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು, ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಇಬ್ಬರೂ ಉಡುಪಿ ಕಡೆಯವರು. ನಾವು ಪರಸ್ಪರ ಒಪ್ಪಿದ್ದನ್ನು ಎರಡೂ ಮನೆಯವರು ಸ್ವಲ್ಪ ಗೊಣಗಿ ಒಪ್ಪಿದ್ದರು. ಮೊದಲು ರೂಮು, ಆಮೇಲೆ ಮುಹೂರ್ತ ಎಂಬುದು ಅವಳ ತಂದೆಯ ಒಂದೇ ಷರತ್ತು. ಅದೂ ನ್ಯಾಯವೇ. ಮೆಸ್ಸಿನಲ್ಲಿ ನನ್ನದೆನ್ನುವ ಆಸ್ತಿ ಒಂದು ಚಾಪೆ ಹಾಸುವಷ್ಟು ನೆಲ. ಅದರ ಮೇಲೂ ಹಗಲು ಹೊತ್ತು ರಾತ್ರಿಪಾಳಿಯವನೊಬ್ಬ ಮಲಗುತ್ತಿದ್ದ. ಆ ಕಾಲದ ಮುಂಬಯಿಯಲ್ಲಿ ಹುಡುಗಿ ಒಪ್ಪುವುದು ಸುಲಭವಿತ್ತು, ರೂಮು ಒಪ್ಪುವುದು ಕಷ್ಟವಿತ್ತು. ಭಾಂಡುಪಿನಲ್ಲಿ ಸಿಕ್ಕಿದ ರೂಮಿಗೆ ಸೂರೇ ಇರಲಿಲ್ಲ, ಕುರ್ಲಾದಲ್ಲಿ ಸಿಕ್ಕಿದ ರೂಮನ್ನು ಹಿಂದಿನವನು ಬಿಟ್ಟುಹೋಗುವ ಲಕ್ಷಣವಿರಲಿಲ್ಲ. ಹುಡುಕಿ ಹುಡುಕಿ ನನ್ನ ಚಪ್ಪಲಿಯೂ ಅವಳ ತಂದೆಯ ತಾಳ್ಮೆಯೂ ಒಟ್ಟಿಗೆ ಸವೆದವು.

ಕೊನೆಗೆ ಚೆಂಬೂರಿನ ಚಾಳಿನ ಮಾಲಕ ಸಿಕ್ಕಿದ. ಬ್ರಹ್ಮಚಾರಿಗಳಿಗೆ ರೂಮು ಕೊಡುವುದಿಲ್ಲ, ಫ್ಯಾಮಿಲಿವಾಲಾ ಆದರೆ ಮಾತ್ರ ಎಂದ. ನಾನು ಫ್ಯಾಮಿಲಿವಾಲಾ ಎಂದೆ. ಫ್ಯಾಮಿಲಿ ಎಲ್ಲಿ ಎಂದು ಕೇಳಿದ. ತವರಿನಲ್ಲಿದ್ದಾಳೆ, ಬರುವ ತಿಂಗಳು ಕರೆತರುತ್ತೇನೆ ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾಗದ ಹುಡುಗಿ ತವರಿನಲ್ಲಿ ಅಲ್ಲದೆ ಇನ್ನೆಲ್ಲಿರುತ್ತಾಳೆ?

ಕೀಲಿಕೈ ಜೇಬಿನಲ್ಲಿಟ್ಟುಕೊಂಡು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅವಳಿಗಾಗಿ ಕಾದೆ. ಅವಳು ಬಂದಳು. ನಾನು ಕೀಲಿಕೈ ತೆಗೆಯುವ ಮೊದಲೇ, ಪುಣೆಯಲ್ಲಿ ಸರಕಾರಿ ಕ್ವಾರ್ಟರ್ಸ್ ಇರುವ ವರನ ಸಂಗತಿಯನ್ನು ಹೇಳಿದಳು. "ಅಪ್ಪ ಮಾತು ಕೊಟ್ಟಾಯ್ತು. ನಾನೂ ಹೂಂ ಅಂದೆ. ಇನ್ನು ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಕೀಲಿಕೈಯನ್ನು ನಾನು ತೋರಿಸಲೇ ಇಲ್ಲ. ತೋರಿಸಿದ್ದರೆ ಏನಾಗುತ್ತಿತ್ತೋ ಎಂದು ಬಹಳ ಕಾಲ ಯೋಚಿಸಿದ್ದೇನೆ. ಪ್ರಾಯಶಃ ಇಬ್ಬರೂ ಅಲ್ಲೇ ಅಳುತ್ತಿದ್ದೆವು, ಅಷ್ಟೇ.

ಹುಡುಗಿ ಹೋದಳೆಂದು ರೂಮನ್ನು ಬಿಡುವಷ್ಟು ದೊಡ್ಡ ಪ್ರೇಮಿ ಮುಂಬಯಿಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಟ್ರಂಕು ಹೊತ್ತು ಚಾಳಿಗೆ ಬಂದೆ. ಪಕ್ಕದ ರೂಮಿನಲ್ಲಿ ಧಾರವಾಡದ ಗೋದಕ್ಕ. ಅವರ ಯಜಮಾನರು ರೈಲ್ವೆಯಲ್ಲಿದ್ದರು. ನಾನು ಬೀಗ ತೆಗೆಯುವುದರೊಳಗೆ ಹೆಂಡತಿಯ ಹೆಸರೇನು, ಯಾವಾಗ ಬರುತ್ತಾಳೆ ಎಂದು ವಿಚಾರಿಸಿಕೊಂಡರು. ಬ್ರಹ್ಮಚಾರಿಯೆಂದು ಮಾಲಕನ ಕಿವಿಗೆ ಬಿದ್ದರೆ ಟ್ರಂಕು ಮತ್ತೆ ಬೀದಿಗೆ. ಬಾಯಿಗೆ ಬಂದ ಹೆಸರು ಒಂದೇ, ಹೇಳಿಬಿಟ್ಟೆ. ಸಂಜೆಯೊಳಗೆ ಆ ಹೆಸರು ಚಾಳಿನ ನಲ್ಲಿಯ ತನಕ ಹೋಗಿ ಬಂತು.

ಅಲ್ಲಿಂದ ನನ್ನ ಸಂಸಾರ ಶುರುವಾಯಿತು. ಚಾಳಿನಲ್ಲಿ ಅರಿಸಿನ ಕುಂಕುಮವಾದರೆ ಇಲ್ಲದ ಮುತ್ತೈದೆಯ ಪಾಲನ್ನೂ ತೆಗೆದಿಟ್ಟು ನನ್ನ ಕೈಗೆ ಕೊಡುತ್ತಿದ್ದರು: ಒಂದು ತೆಂಗಿನಕಾಯಿ, ಒಂದು ರವಿಕೆಯ ಖಣ. ಕಾಯಿಗಳ ವಿಷಯದಲ್ಲಿ ನನಗೆ ತೊಂದರೆಯಾಗಲಿಲ್ಲ. ಕರಾವಳಿಯವನು ನಾನು, ತೆಂಗಿನಕಾಯಿಯ ಮುಂದೆ ನನ್ನ ಮನಸ್ಸಾಕ್ಷಿ ಬಹಳ ಹೊತ್ತು ನಿಲ್ಲುವುದಿಲ್ಲ. ಖಣಗಳನ್ನೇನು ಮಾಡುವುದು? ಬಿಸಾಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ತೊಡುವಂತೆಯೂ ಇಲ್ಲ. ಟ್ರಂಕಿನಲ್ಲಿ ನನ್ನ ಅಂಗಿಗಳನ್ನು ಒತ್ತರಿಸಿಕೊಂಡು ಅವು ಬೆಳೆಯುತ್ತಾ ಹೋದವು. ಒಂದು ಭಾನುವಾರ ಅವುಗಳಲ್ಲಿ ವತ್ಸಲಾಗೆ ಯಾವ ಬಣ್ಣ ಒಪ್ಪುತ್ತದೆಂದು ಆರಿಸುತ್ತ ಕುಳಿತಿದ್ದೆ. ಬಾಗಿಲು ಹಾಕಿಕೊಂಡೇ ಕುಳಿತಿದ್ದೆ. ಅಷ್ಟು ಬುದ್ಧಿ ಇತ್ತು.

ಗೋದಕ್ಕ ದಿನಾ ಸಂಜೆ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತು ವತ್ಸಲಾಳ ಸುದ್ದಿ ಕೇಳುತ್ತಿದ್ದರು. ಮೊದಮೊದಲು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದೆ. ಬರಬರುತ್ತ ನಾನೇ ಸುದ್ದಿ ತರತೊಡಗಿದೆ. ಅವಳಿಗೆ ನೆಗಡಿ, ಅವಳ ತಾಯಿಗೆ ಕಾಲುನೋವು, ತಮ್ಮನ ಪರೀಕ್ಷೆ, ಹೀಗೆ ಹೊರಡುವುದಕ್ಕೆ ದಿನಕ್ಕೊಂದು ಅಡ್ಡಿ. ವಿಕ್ರೋಳಿಯಲ್ಲಿ ಲೋಕಲ್ ಹತ್ತಿದರೆ ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸುವುದರೊಳಗೆ ಅಂದಿನ ಸುದ್ದಿ ಸಿದ್ಧವಾಗಬೇಕು. ಜನ ಮೈಮೇಲೆ ಬೀಳುತ್ತಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಇಡೀ ದಿನದಲ್ಲಿ ನನಗೆ ಅಷ್ಟು ಸುಖದ ಹೊತ್ತು ಇನ್ನೊಂದಿರಲಿಲ್ಲ. ರೂಮು ಉಳಿಸಿಕೊಳ್ಳಲು ಹೇಳಿದ ಮಾತು ಅವಳನ್ನು ಉಳಿಸಿಕೊಳ್ಳುವ ಉಪಾಯವಾಗಿಬಿಟ್ಟಿತ್ತು.

ಹೀಗಿರುವಾಗ ಮೆಸ್ಸಿನ ಹಾರ್ಮೋನಿಯಂ ಗೆಳೆಯ ಸಿಕ್ಕಿ, ಪುಣೆಯಲ್ಲಿ ವತ್ಸಲಾಳ ಮದುವೆಯ ಊಟ ಉಂಡು ಬಂದೆ, ಹೋಳಿಗೆ ಬಹಳ ಚೆನ್ನಾಗಿತ್ತು ಎಂದ. ಹೋಳಿಗೆಯ ಬಗ್ಗೆ ಇನ್ನೂ ಎರಡು ಮಾತು ಕೇಳಿ ಅವನನ್ನು ಕಳಿಸಿಕೊಟ್ಟೆ. ಆ ಸಂಜೆ ಗೋದಕ್ಕ ತಮ್ಮಲ್ಲೇ ಊಟಕ್ಕೆ ಕೂರಿಸಿ ಎಂದಿನಂತೆ ಕೇಳಿದಾಗ, ಈಗ ಆರಾಮಾಗಿದ್ದಾಳೆ ಎಂದೆ. ಅಷ್ಟು ದಿನಗಳಲ್ಲಿ ನಾನು ಹೇಳಿದ ನಿಜವಾದ ಸುದ್ದಿ ಅದೊಂದೇ. ಹೇಳಿ ತಟ್ಟೆಯ ಕಡೆ ತಲೆ ತಗ್ಗಿಸಿದೆ. ಗೋದಕ್ಕ ಇದನ್ನು ಹೆಂಡತಿಯನ್ನು ಬಿಟ್ಟಿರುವ ಸಂಕಟವೆಂದು ತಿಳಿದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನೂ ಎಷ್ಟು ಕಾಲ ಹೀಗೆ ಸಾಗುತ್ತಿತ್ತೋ. ಆದರೆ ಒಂದು ದಿನ ಗೋದಕ್ಕ ನನ್ನನ್ನು ಒಳಗೆ ಕರೆದು ಕೂರಿಸಿ, ದನಿ ತಗ್ಗಿಸಿ ಹೇಳಿದರು: "ತಮ್ಮಾ, ಸಿಟ್ಟಾಗಬ್ಯಾಡ. ನಲ್ಲೀ ಹತ್ರ ಮಂದಿ ಮಾತಾಡ್ಲಿಕ್ಕೆ ಹತ್ಯಾರ. ಗಂಡನ್ನ ಬಿಟ್ಟು ಇಷ್ಟು ದಿನಾ ತವರಮನಿ ಹಿಡದು ಕೂತಾಳಂದ್ರ ಆಕೀ ನಡತೀನ ಛಲೋ ಇರ್ಲಿಕ್ಕಿಲ್ಲ ಅಂತಾರ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೇತುವೆಯ ಮೇಲೆ ಕಣ್ಣು ಕೆಂಪು ಮಾಡಿಕೊಂಡು ನಿಂತು, ಮುಚ್ಚಿಡದೆ ನನಗೆ ಮುಖಾಮುಖಿ ಹೇಳಿ ಹೋದವಳು ಅವಳು. ಅಂಥವಳಿಗೆ, ಅವಳು ಕಾಲೇ ಇಡದ ಚಾಳಿನಲ್ಲಿ, ನನ್ನ ದೆಸೆಯಿಂದ ಈ ಮಾತು. ರೂಮು ಹೋದರೆ ಹೋಗಲಿ ಎನ್ನಿಸಿತು.

"ಅವಳ ನಡತೆಗೆ ಏನೂ ಆಗಿಲ್ಲ ಗೋದಕ್ಕ" ಎಂದೆ. "ಅವಳು ನನ್ನ ಹೆಂಡತಿಯೇ ಅಲ್ಲ. ಪುಣೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಗೋದಕ್ಕ ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಮೊದಲು ನನ್ನ ರೂಮಿಗೆ ಬಂದು ಟ್ರಂಕು ತೆಗೆಸಿ ಖಣಗಳನ್ನೆಲ್ಲ ತಮ್ಮ ಸೆರಗಿಗೆ ಹಾಕಿಕೊಂಡರು. ತಿಂದ ಕಾಯಿಗಳ ಬಗ್ಗೆ ಒಮ್ಮೆ ನಿಟ್ಟುಸಿರಿಟ್ಟರು. ಮಾಲಕನಿಗೆ ತಾವೇ ಹೇಳಿ ಒಪ್ಪಿಸುವುದಾಗಿಯೂ, ಹೆಂಗಸರ ಬಾಯಿ ಮುಚ್ಚಿಸುವುದು ತಮ್ಮ ಪಾಲಿಗಿರಲೆಂದೂ ಅಂದರು. ಬಾಗಿಲಿಗೆ ಹೋದವರು ತಿರುಗಿ ನಿಂತು, "ಆದ್ರ ತಮ್ಮಾ, ಮಂದೀ ಹೆಂಡ್ತಿ ಸುದ್ದಿ ಇನ್ನ ನನ್ನ ಮುಂದ ತರಬ್ಯಾಡ" ಎಂದರು.

ಅವಳು ಬೇರೆಯವರ ಹೆಂಡತಿ ಎಂದು ಅಲ್ಲಿಯವರೆಗೆ ನನ್ನ ಎದುರು ಯಾರೂ ಅಂದಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಖಣಗಳಿಲ್ಲದ ಟ್ರಂಕಿನ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ದಾದರಿನಲ್ಲಿ ಬರಬೇಕಾಗಿದ್ದ ಅಳು ಚೆಂಬೂರಿನಲ್ಲಿ ಬಂತು.

ಮರುದಿನ ಸಂಜೆ ಲೋಕಲಿನಲ್ಲಿ, ಹಾಳು ಅಭ್ಯಾಸ, ಮತ್ತೆ ಅವಳದೊಂದು ಸುದ್ದಿ ಕಟ್ಟಿಕೊಂಡೇ ಬಂದಿದ್ದೆ. ಮೆಟ್ಟಿಲು ಹತ್ತಿದ ಮೇಲೆ, ಹೇಳುವಂತಿಲ್ಲವೆಂದು ನೆನಪಾಗಿ ಗೋದಕ್ಕನ ಮುಂದೆ ನಿಂತು ಜೇಬಿನಲ್ಲಿ ಕೀಲಿಕೈ ಹುಡುಕತೊಡಗಿದೆ. ಅವರು ಮೊರದಿಂದ ತಲೆಯೆತ್ತಿ, "ಮತ್ತ, ನಿಂದೇನ್ ಸುದ್ದಿ?" ಎಂದು ಕೇಳಿದರು.

ನನ್ನ ಬಳಿ ನನ್ನದೊಂದೂ ಇರಲಿಲ್ಲ. ಎಷ್ಟೋ ತಿಂಗಳಿಂದ ನಾನು ನನ್ನನ್ನು ವಿಚಾರಿಸಿಕೊಂಡಿರಲೇ ಇಲ್ಲ. ಏನಾದರೂ ಹೇಳಬೇಕಲ್ಲ ಎಂದು ಹಲ್ಲು ನೋಯುತ್ತಿದೆ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಅದು ನಿಜವಾಗಿಯೂ ನೋಯುತ್ತಿತ್ತು.